ಮೊದಲು ಕಾಲು, ಆಮೇಲೆ ಬಾಲ

ಕುಕ್ಕಪ್ಪ ಗೌಡರು ಗೇಟಿನಲ್ಲೇ ಕೈ ಅಡ್ಡ ಹಿಡಿದು ಸುಪ್ರಿತಾಳನ್ನು ನಿಲ್ಲಿಸಿದರು. ರಿಕ್ಷಾದಿಂದ ಇಳಿದು ಬಂದವಳು ಒಂದು ಥರ್ಮೊಕೋಲ್ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿದ್ದಳು. ಮಂಗಳೂರಿನ ಮೀನುಗಾರಿಕೆ ದಕ್ಕೆಯಿಂದ ಬಂಗುಡೆ ಮೀನು ಬರುವುದು ಅಂಥ ಪೆಟ್ಟಿಗೆಯಲ್ಲೇ.

“ಎಂತ ಮಾರಾಯ್ತಿ, ಸಾವಿನ ಮನೆಗೆ ಮೀನು ತರುದುಂಟಾ?”

“ಮೀನಲ್ಲ ಗೌಡ್ರೇ.” ಹೇಗೆ ಹೇಳುವುದೆಂದು ಮಂಗಳೂರಿನಿಂದ ಪುತ್ತೂರಿನವರೆಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಈಗ ಅದೆಲ್ಲ ಮರೆತುಹೋಗಿ ನಾಲಿಗೆಗೆ ಬಂದದ್ದು ಒಂದೇ ಮಾತು. “ಇದರಲ್ಲಿ ಮೇದಪ್ಪಣ್ಣ ಇದ್ದಾರೆ.”

ಕುಕ್ಕಪ್ಪ ಗೌಡರು ಒಮ್ಮೆ ಪೆಟ್ಟಿಗೆಯನ್ನು ನೋಡಿದರು, ಒಮ್ಮೆ ತಿರುಗಿ ಮನೆಯ ಒಳಗೆ ನೋಡಿದರು. ಪುತ್ತೂರಿನ ದರ್ಬೆಯ ಆ ಸಣ್ಣ ಮನೆಯ ಹಾಲಿನಲ್ಲಿ, ತಲೆಯ ಹತ್ತಿರ ತೆಂಗಿನಕಾಯಿ ಹೋಳಿನಲ್ಲಿ ದೀಪ ಉರಿಯುತ್ತಿರಲು, ಅವರ ತಮ್ಮ ಮೇದಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಬೆಳಗಿನಿಂದ ಅಲ್ಲೇ ಇದ್ದ. ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ.

“ಹರ್ಷಿತ್, ಯಾರೋ ಇದು? ತಲೆ ಸರಿ ಉಂಟಾ ಇವಳಿಗೆ?”

ಮೇದಪ್ಪನ ಮಗ ಹರ್ಷಿತ್ ಒದ್ದೆ ಪಂಚೆಯಲ್ಲೇ ಓಡಿಬಂದ. “ಸುಪ್ರಿತಕ್ಕ ದೊಡ್ಡಪ್ಪ, ಪೆರಾಬೆಯವರು. ಅಪ್ಪನ ಸ್ಟೂಡೆಂಟ್.”

ಅಪ್ಪನ ಸ್ಟೂಡೆಂಟ್ ಅಂದದ್ದು ಬಾಯಿ ತಪ್ಪಿ ಅಲ್ಲ. ಮೇದಪ್ಪ ಮೇಷ್ಟ್ರಾಗಿರಲಿಲ್ಲ. ಪುತ್ತೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದ, ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಅವನ ಕೈ ಹಿಡಿದಿರಲಿಲ್ಲ. ಆದರೂ ಆ ಲ್ಯಾಬಿನಲ್ಲಿ ಕಲಿತವರೆಲ್ಲ ಎಲ್ಲೇ ಸಿಕ್ಕಿದರೂ ‘ನಾವು ಮೇದಪ್ಪಣ್ಣನ ಸ್ಟೂಡೆಂಟ್ಸ್’ ಎಂದೇ ಹೇಳಿಕೊಳ್ಳುತ್ತಿದ್ದರು. ಪಾಠ ಮಾಡಿದ ಲೆಕ್ಚರರಿಗೆ ಇದನ್ನು ಕೇಳಿ ಸ್ವಲ್ಪ ಹೊಟ್ಟೆ ಉರಿಯುತ್ತಿದ್ದದ್ದೂ ನಿಜ.

ಸುಪ್ರಿತಾ ಪೆಟ್ಟಿಗೆಯನ್ನು ಜಗಲಿಯ ದಂಡೆಯ ಮೇಲಿಟ್ಟಳು. ಒಳಗೆ ಹೋಗಿ ಮೇದಪ್ಪಣ್ಣನ ಕಾಲು ಮುಟ್ಟಿದಳು. ಆಗ ಅವಳಿಗೆ ಅಳು ಬಂತು. ಮೊನ್ನೆಯೇ ಬರಬೇಕಿತ್ತು, ಬರಲಿಲ್ಲ.

*

ಹೋದ ನವೆಂಬರಿನಲ್ಲಿ, ಕ್ಯಾನ್ಸರಿನಿಂದ ಮೇದಪ್ಪನ ಹೊಟ್ಟೆಯಲ್ಲಿ ತುಂಬಿದ್ದ ನೀರನ್ನು ಮಂಗಳೂರಿನ ಆಸ್ಪತ್ರೆಯಲ್ಲಿ ನಳಿಗೆ ಹಾಕಿ ತೆಗೆದಿದ್ದರು. ಹಳದಿ ನೀರಿನ ಬಾಟ್ಲಿ ಮಂಚದ ಕೆಳಗಿತ್ತು. ನೋಡಲು ಬಂದಿದ್ದ, ಅದೇ ಊರಿನ ಲ್ಯಾಬೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ ಸುಪ್ರಿತಾ ಅದು ಕಣ್ಣಿಗೆ ಬೀಳದ ಹಾಗೆ ಮುಖ ತಿರುಗಿಸಿ ಕೂತಳು. ಮೇದಪ್ಪನ ಹೆಂಡತಿ ಸೇವಂತಿ ಮದ್ದು ತರಲು ಕೆಳಗೆ ಹೋಗಿದ್ದಳು.

“ಅದನ್ನು ಇನ್ನು ಬಿಸಾಡ್ತಾರೆ, ಅಲ್ವಾ?” ಎಂದು ಮೇದಪ್ಪ ಕೇಳಿದ.

“ಹೌದು ಮೇದಪ್ಪಣ್ಣ.”

“ಅದರಲ್ಲಿ ಸೆಲ್ಲು ಇರ್ತದಾ?”

“ಇರ್ತದೆ. ತುಂಬ.”

“ಮತ್ತೆ ಬಿಸಾಡುದು ಯಾಕೆ? ನಿನ್ನ ಲ್ಯಾಬಿಗೆ ಅಂಥದ್ದೇ ಬೇಕಲ್ಲ. ತೆಕೊಂಡು ಹೋಗು. ಮೂವತ್ತನಾಲ್ಕು ವರ್ಷ ಕಪ್ಪೆ, ಜಿರಳೆ ತಂದುಕೊಟ್ಟಿದ್ದೇನೆ. ಕೊನೆಗೊಂದು ಸ್ಯಾಂಪಲ್ ನನ್ನದೇ ಇರಲಿ.”

ಅವಳು ಬಗ್ಗಿ ಮಂಚದ ಕೆಳಗಿನ ಬಾಟ್ಲಿಯನ್ನು ಈಗ ಸರಿಯಾಗಿ ನೋಡಿದಳು. ಅವನೇ ಮಾತು ಮುಂದುವರಿಸಿದ. “ನಿನ್ನ ಕೆಲಸ ಎಂತದ್ದು, ಒಮ್ಮೆ ನನಗೆ ತಿಳಿಯುವ ಹಾಗೆ ಹೇಳು.”

“ಪ್ರತಿಯೊಂದು ಸೆಲ್ಲಿನ ಒಳಗೂ ಸಾಯುವ ಏರ್ಪಾಡು ಮೊದಲೇ ಉಂಟು ಮೇದಪ್ಪಣ್ಣ. ಹಳತಾದ್ರೆ, ಕೆಟ್ಟುಹೋದ್ರೆ ತಾನಾಗಿ ಸಾಯ್ಬೇಕು. ಅದಕ್ಕೆ ಬೇಕಾದ ಕೆಲಸದವರೆಲ್ಲ ಒಳಗೇ ಇದ್ದಾರೆ, ಆದ್ರೆ ಒಬ್ಬೊಬ್ಬ ಒಂದೊಂದು ಮೂಲೆಯಲ್ಲಿ. ಅವರನ್ನೆಲ್ಲ ಒಂದೇ ಕಡೆ ಕೂರಿಸುವ ಪ್ರೋಟೀನ್ ಉಂಟು, ಸ್ಕ್ಯಾಫೋಲ್ಡ್ ಅಂತ ಹೇಳುದು. ಗೋಡೆ ಸಾರಣೆಗೆ ಬಿದಿರು ಕಟ್ತಾರಲ್ಲ, ಅದರ ಹೆಸರೇ. ಅದು ತಾನು ಎಂತ ಮಾಡುದೂ ಇಲ್ಲ. ಜಾಗ ಕೊಟ್ಟು ಎಲ್ಲರನ್ನೂ ಸೇರಿಸುದು, ಅಷ್ಟೇ. ಕ್ಯಾನ್ಸರ್ ಸೆಲ್ಲಿನಲ್ಲಿ ಅದು ನಿದ್ದೆ ಮಾಡ್ತಾ ಇರ್ತದೆ. ಹಾಗಾಗಿ ಸೆಲ್ಲು ಸಾಯುದೇ ಇಲ್ಲ. ಅದನ್ನು ಎಬ್ಬಿಸುವ ಒಂದು ಕೆಮಿಕಲ್ ಹುಡುಕುದು ನನ್ನ ಕೆಲಸ.”

ಮೇದಪ್ಪ ದಿಂಬಿಗೆ ಒರಗಿ ಸ್ವಲ್ಪ ಮೇಲೆ ಸರಿದು ಕೂತ. “ಹಾಗಾದ್ರೆ ಅದು ಅಟೆಂಡರ್.”

“ಆ?”

“ಪಾಠ ಮಾಡುದು ಲೆಕ್ಚರರು, ಕೊಯ್ಯುದು ಮಕ್ಕಳು. ಆದ್ರೆ ಟ್ರೇ, ಕತ್ತರಿ, ಕಪ್ಪೆ, ಮಕ್ಕಳು ಎಲ್ಲ ಒಂದೇ ಮೇಜಿಗೆ ಬರುದು ನಾನು ಬೀಗ ತೆಗೆದ್ರೆ ಮಾತ್ರ. ನಾನು ರಜೆ ಹಾಕಿದ ದಿನ ನಿಮ್ಮ ಪ್ರಾಕ್ಟಿಕಲ್ ಒಮ್ಮೆಯಾದ್ರೂ ಆಗಿದೆಯಾ ಹೇಳು!”

ಆಗಿರಲಿಲ್ಲ. ಸುಪ್ರಿತಾ ಕಣ್ಣೊರೆಸಿಕೊಂಡು ನಕ್ಕಳು. ಡಾಕ್ಟರರನ್ನು ಕೇಳಿ, ಒಪ್ಪಿಗೆಯ ಕಾಗದಗಳನ್ನು ತಂದಾಗ ಅವನು ಪ್ರತಿಯೊಂದು ಹಾಳೆಯನ್ನೂ ಓದಿಯೇ ಸಹಿ ಹಾಕಿದ.

“ಈ ಮದ್ದು ನಿಮಗೆ ಸಿಗುವ ಹೊತ್ತಿಗೆ…” ಎಂದು ಅವಳು ತಡವರಿಸಿದಳು.

“ಗೊತ್ತುಂಟು. ನಿನಗೆ ಹತ್ತು ವರ್ಷ ಬೇಕು, ನನಗೆ ಹತ್ತು ತಿಂಗಳು ಉಂಟೋ ಇಲ್ಲವೋ. ನಾನು ಕೇಳಿದೆನಾ? ಸೇವಂತಿಗೆ ಈಗ ಹೇಳ್ಬೇಡ, ಸುಮ್ಮನೆ ಆಸೆ ಇಟ್ಟುಕೊಳ್ತಾಳೆ. ಫಲ ಬಂದ ದಿನ ತಂದು ತೋರಿಸು. ನಾನಿದ್ರೆ ನಾನೂ ನೋಡ್ತೇನೆ. ಇಲ್ಲದಿದ್ರೆ ಅವಳಿಗೆ ತೋರಿಸು. ನಾನು ಕರೆದ್ರೆ ಬರುದಿಲ್ಲ ಅವಳು. ನೀನು ಕರೆದ್ರೆ ಬಂದಾಳು.”

*

“ಅಂದ್ರೆ ಜೀವ ಉಂಟು ಅದರಲ್ಲಿ?” ಜಗಲಿಯಲ್ಲಿ ಕುಕ್ಕಪ್ಪ ಗೌಡರು ಮೂರನೆಯ ಸಲ ಕೇಳಿದರು. ಕುಟುಂಬದ ಊರಾದ ಅಜ್ಜಾವರದಿಂದ ಮಾವಿನ ಸೌದೆಯ ಜೀಪಿನ ಜೊತೆಗೆ ಬಂದಿದ್ದ ಅವರಿಗೆ ಎಪ್ಪತ್ತೈದು ವರ್ಷ. ಇಂಥ ದಿನ ಯಾವುದರ ಮೊದಲು ಯಾವುದು ಎಂದು ಹೇಳಬಲ್ಲವರು ಆ ಕುಟುಂಬದಲ್ಲಿ ಅವರೊಬ್ಬರೇ ಉಳಿದಿದ್ದರು.

“ಉಂಟು ಗೌಡ್ರೇ. ಎರಡು ದಿನಕ್ಕೊಮ್ಮೆ ಅದಕ್ಕೆ ಬೇಕಾದ ನೀರು ಬದಲಿಸ್ತೇನೆ. ಬೆಳೀತದೆ.”

“ಹಾಗಾದ್ರೆ ಇವತ್ತು ಅದನ್ನೂ ಚಿತೆಗೆ ಇಡ್ಬೇಕು. ಕೂದಲು, ಉಗುರು ಆದ್ರೆ ಪ್ರಶ್ನೆ ಇಲ್ಲ. ಜೀವ ಇರುವಂಥದ್ದು ಹೊರಗೆ ಉಳಿದ್ರೆ ಇವನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಉತ್ತರಕ್ರಿಯೆಗೆ, ಬೊಜ್ಜದ ದಿನ, ಹೋದವನಿಗೆ ಎಲೆ ಹಾಕಿ ಬಡಿಸಿ ಕರೆದ್ರೆ ಯಾರು ಬರುದು? ಅರ್ಧ ಮೇದಪ್ಪನಾ?”

“ದೊಡ್ಡಪ್ಪ, ಅಪ್ಪ ಅದನ್ನು ಕೊಟ್ಟದ್ದು” ಎಂದು ಹರ್ಷಿತ್ ಮೆಲ್ಲಗೆ ಹೇಳಿದ.

“ಕೊಡುವವನು ಕೊಟ್ಟು ಹೋಗ್ತಾನೆ. ಕಳಿಸಿಕೊಡುವ ಕೆಲಸ ನಮ್ಮದು. ಅವನು ನನ್ನ ತಮ್ಮ, ಅರ್ಧದಲ್ಲಿ ಬಿಟ್ಟು ಬರ್ಲಿಕ್ಕೆ ನನ್ನಿಂದ ಆಗುದಿಲ್ಲ.” ಮಾತು ಗಟ್ಟಿಯಾಗಿಯೇ ಇತ್ತು, ಆದರೆ ಕೊನೆಗೆ ಸ್ವರ ಒಡೆಯಿತು. ಹೆಗಲ ಬೈರಾಸಿನಿಂದ ಮೂಗು ಒರೆಸಿಕೊಂಡರು. “ಹನ್ನೊಂದಕ್ಕೆ ಎತ್ತುದು. ಅಷ್ಟರ ಒಳಗೆ ಸೇವಂತಿಗೆ ಹೇಳಿ. ಅವಳ ಮಾತೇ ಕೊನೆ.”

ಸುಪ್ರಿತಾ ಪೆಟ್ಟಿಗೆಯನ್ನು ದಂಡೆಯಿಂದ ಎತ್ತಿ ಮತ್ತೆ ಎದೆಗೆ ಅವಚಿಕೊಂಡಳು. ಪೆಟ್ಟಿಗೆ ಸುಟ್ಟರೆ ಎಲ್ಲವೂ ಮುಗಿಯುವುದಿಲ್ಲ ಎಂದು ಅವಳು ಸುಳ್ಳು ಧೈರ್ಯ ಹೇಳಿಕೊಳ್ಳುವ ಹಾಗಿರಲಿಲ್ಲ. ಫ್ರೀಜರಿನಲ್ಲಿ ಎತ್ತಿಟ್ಟದ್ದು ಒಂದೂ ಮತ್ತೆ ಚಿಗುರಿರಲಿಲ್ಲ. ಮೇದಪ್ಪಣ್ಣನದು ಎಂದು ಬದುಕಿ ಉಳಿದದ್ದು ಈ ಪೆಟ್ಟಿಗೆಯೊಳಗಿನ ಎರಡು ಬಾಟ್ಲಿಗಳಲ್ಲಿ ಇದ್ದಷ್ಟೇ, ಪಾಲು ಮಾಡಿ ಲ್ಯಾಬಿನಲ್ಲಿ ಬಿಟ್ಟು ಬರುವಷ್ಟು ಇರಲಿಲ್ಲ. ಸೇವಂತಿಯಕ್ಕ ‘ಸುಡಿ’ ಅಂದರೆ ತಾನು ಬೇಡ ಅನ್ನುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿಕೊಂಡಳು.

ಸೇವಂತಿ ಹಿಂದಿನ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ನಶೀದಾ ಇದ್ದಳು, ಅದೇ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವಳು, ಮೇದಪ್ಪನಿಗಿಂತ ಹತ್ತು ವರ್ಷ ಚಿಕ್ಕವಳು. ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬದಿಗೆ ಸಿಮೆಂಟಿನ ತೊಟ್ಟಿಯೊಂದಿತ್ತು. ಅದರೊಳಗೆ ಗೊದಮೊಟ್ಟೆಗಳು, ಅಂದರೆ ಕಪ್ಪೆಮರಿಗಳು, ಬಾಲ ಆಡಿಸುತ್ತ ಅತ್ತಿತ್ತ ಹೋಗುತ್ತಿದ್ದವು. ಪ್ರತಿ ಜೂನಿನಲ್ಲೂ ಮೇದಪ್ಪ ಗದ್ದೆಯ ಬದಿಯಿಂದ ತಂದು ಬಿಡುತ್ತಿದ್ದ. ನಿವೃತ್ತನಾದ ಮೇಲೂ ಬಿಡಲಿಲ್ಲ, ಈ ವರ್ಷ ಏಳಲಾಗದಿದ್ದರೂ ಹರ್ಷಿತನ ಕೈಯಲ್ಲಿ ತರಿಸಿದ್ದ.

“ಆ ತೊಟ್ಟಿ ನೋಡಿದ್ರೆ ನನಗೆ ನಗು ಬರುದು, ಅಳುವ ದಿನವೂ” ಎನ್ನುತ್ತಿದ್ದಳು ನಶೀದಾ. “ನಾನು ಕೆಲಸಕ್ಕೆ ಸೇರಿದ ವರ್ಷ ಸೇವಂತಿಯಕ್ಕ. ಗೊದಮೊಟ್ಟೆಯ ಬಾಲ ಬೇಗ ಕರಗುವ ಪ್ರಯೋಗ ತೋರಿಸ್ಬೇಕಿತ್ತು. ಅದಕ್ಕೆ ಥೈರಾಯ್ಡಿನ ಕೆಮಿಕಲ್ ಬೇಕು, ಕಾಲೇಜಿಗೆ ಬಂದಿರಲಿಲ್ಲ. ಮೇದಪ್ಪಣ್ಣ ಎಂತ ಮಾಡಿದ್ರು ಗೊತ್ತುಂಟಾ? ಮನೆಯಿಂದ ಮಾತ್ರೆ ತಂದು ಜಜ್ಜಿ ಹಾಕಿದ್ರು. ಒಂದು ಸಾಕಿತ್ತು, ಹತ್ತು ಹಾಕಿದ್ರು!”

ಸೇವಂತಿ ತಲೆಯೆತ್ತಿದಳು. “ಯಾರ ಮಾತ್ರೆ?”

“ಮತ್ಯಾರದ್ದು? ನಿಮ್ಮದೇ.”

“ಅಯ್ಯೋ ದೇವರೇ! ಆ ತಿಂಗಳು ಮಾತ್ರೆ ಕಮ್ಮಿ ಬಂತು ಅಂತ ನಾನು ಮೆಡಿಕಲಿನವನ ಜೊತೆ ಜಗಳ ಮಾಡಿ ಬಂದಿದ್ದೆ. ಇವರು ಪಕ್ಕದಲ್ಲೇ ನಿಂತಿದ್ರು, ಹರಿಶ್ಚಂದ್ರನ ಹಾಗೆ!”

ಹೆಂಗಸರು ನಕ್ಕರು. ಸೇವಂತಿಯೂ ನಕ್ಕಳು, ನಗುವಿನ ಕೊನೆ ಅಳುವಾಯಿತು. ನಶೀದಾ ಅವಳ ಕೈ ಹಿಡಿದುಕೊಂಡಳು. “ಪಾಪ, ಆ ಗೊದಮೊಟ್ಟೆಗಳಿಗೆ ಕಾಲು ಬರುವ ಮೊದಲೇ ಬಾಲ ಕರಗಿ ಈಜ್ಲಿಕ್ಕೂ ಆಗದೆ, ಹಾರ್ಲಿಕ್ಕೂ ಆಗದೆ ಎಲ್ಲ ಸತ್ತುಹೋದವು. ಮೇದಪ್ಪಣ್ಣ ಎರಡು ದಿನ ಚಾ ಕುಡಿಯಲಿಲ್ಲ. ಅಲ್ಲಿಂದ ನಂತರ ಪ್ರತಿ ವರ್ಷ ಮಕ್ಕಳಿಗೆ ಅದೇ ಒಂದು ಮಾತು.”

ಬಾಗಿಲಲ್ಲಿ ನಿಂತಿದ್ದ ಸುಪ್ರಿತಾ ಆ ಮಾತನ್ನು ತಾನೇ ಹೇಳಿದಳು. “ಮೊದಲು ಕಾಲು, ಆಮೇಲೆ ಬಾಲ.”

*

ಅವಳು ಅದನ್ನು ಕೇಳಿದ್ದು ಡಿಗ್ರಿಯ ಮೊದಲ ವರ್ಷ. ಗಾಜಿನ ತೊಟ್ಟಿಯ ದಂಡೆಯಲ್ಲಿ ಒಂದು ಮರಿಕಪ್ಪೆ ಕೂತಿತ್ತು. ನಿನ್ನೆ ಇದ್ದ ಬಾಲ ಇಂದು ಮೊಂಡಾಗಿತ್ತು.

“ಬಾಲ ಬಿದ್ದುಹೋಯಿತಾ ಮೇದಪ್ಪಣ್ಣ?”

“ಬೀಳ್ಲಿಕ್ಕೆ ಅದೆಂತ ಹಲ್ಲಿಯಾ? ಕಪ್ಪೆಯೇ ಅದನ್ನು ಒಳಗೆ ತೆಕೊಳ್ಳುದು. ಬಾಲದ ಒಂದೊಂದೇ ಸೆಲ್ಲು ಸರದಿಯಲ್ಲಿ ಸಾಯುದು. ಗಲಾಟೆ ಇಲ್ಲ, ರಕ್ತ ಇಲ್ಲ. ಹಾಗೆ ಸತ್ತದ್ದು ಉಳಿದ ಮೈಗೆ ಊಟ ಆಗ್ತದೆ.” ಬಟ್ಟೆಯಿಂದ ಲೆನ್ಸ್ ಒರೆಸುತ್ತ ಅವನು ಹೇಳಿದ. “ಆದ್ರೆ ಹೊತ್ತಿಗೆ ಮೊದಲು ಅಲ್ಲ. ಮೊದಲು ಕಾಲು, ಆಮೇಲೆ ಬಾಲ.”

ಆ ವರ್ಷದ ಪರೀಕ್ಷೆಗೆ ಅವಳು ಓದಿದ್ದೆಲ್ಲ ಮರೆತುಹೋಗಿದೆ. ಈ ಮಾತು ಅವಳನ್ನು ಹಿಡಿದುಕೊಂಡು ಮಂಗಳೂರಿನ ಲ್ಯಾಬಿನವರೆಗೆ ಕರೆದುಕೊಂಡು ಹೋಯಿತು.

*

ಮೇದಪ್ಪ ತನ್ನ ಮೈಯ ಸೆಲ್ಲುಗಳನ್ನು ಕೊಟ್ಟದ್ದನ್ನೂ, ಕುಕ್ಕಪ್ಪ ಗೌಡರು ಅವನ್ನು ಸುಡಬೇಕು ಅಂದದ್ದನ್ನೂ ಸೇವಂತಿ ಕೇಳಿದಳು. ಸುಪ್ರಿತಾ ತನ್ನ ತಪ್ಪನ್ನೂ ಹೇಳಿಬಿಟ್ಟಳು. “ಮೊದಲ ಫಲ ಬಂದು ಮೂರು ವಾರ ಆಯ್ತು ಸೇವಂತಿಯಕ್ಕ. ಮೂರು ಸಲ ಅದೇ ಬಂದ್ರೆ ಮಾತ್ರ ನಂಬುದು, ಅದು ನಮ್ಮ ಕ್ರಮ. ಮೂರನೆಯದು ಮೊನ್ನೆ ಬಂತು. ಭಾನುವಾರ ಹೋದ್ರಾಯ್ತು ಅಂತ ನಿಂತೆ. ಮೊನ್ನೆಯೇ ಬಂದಿದ್ರೆ ಅವರು ನೋಡ್ತಿದ್ರು.”

“ಮೂರು ಸಲ ನೋಡದೆ ತಂದಿದ್ರೆ ಅವರೇ ಬೈತಿದ್ರು ನಿನಗೆ” ಅಂದಳು ಸೇವಂತಿ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಬಾ, ತೋರಿಸು.”

ಮೇದಪ್ಪನ ಕೋಣೆ ಹಾಲಿನ ಪಕ್ಕದಲ್ಲೇ. ಕಾಲೇಜಿನವರು ಹಳತೆಂದು ತೆಗೆದುಹಾಕಿದ ಸೂಕ್ಷ್ಮದರ್ಶಕವೊಂದನ್ನು ಅವನು ಅಲ್ಲಿ ಕಿಟಕಿಯ ಹತ್ತಿರ ಇಟ್ಟುಕೊಂಡಿದ್ದ. ಪ್ರತಿ ಭಾನುವಾರ ಅದಕ್ಕೆ ಕಣ್ಣಿಟ್ಟು, ಪಾಚಿಯನ್ನೋ ಈರುಳ್ಳಿ ಸಿಪ್ಪೆಯನ್ನೋ ನೋಡುತ್ತ, “ಸೇವಂತೀ, ಒಮ್ಮೆ ಬಾ, ಚಂದ ಉಂಟು” ಎಂದು ಕರೆಯುತ್ತಿದ್ದ. “ಒಲೆಯಲ್ಲಿ ಸಾರು ಉಂಟು” ಎನ್ನುವುದು ಅವಳ ಉತ್ತರ. ಊಟಕ್ಕೆ ಅವಳು ಕರೆದರೆ, “ಇರು, ಬಂದೆ” ಎನ್ನುವುದು ಅವನದು. ಹೀಗೆ ಕರೆಯುತ್ತ, ಬಾರದೆ ಮೂವತ್ತೆಂಟು ವರ್ಷದ ಸಂಸಾರ ಕಳೆದಿತ್ತು.

“ಹೆಣ ಇಟ್ಟುಕೊಂಡು ಅದನ್ನೆಲ್ಲ ನೋಡುದಾ ಸೇವಂತಿ?” ಕುಕ್ಕಪ್ಪ ಗೌಡರು ಬಾಗಿಲಲ್ಲಿ ಬಂದು ನಿಂತರು.

ಸೇವಂತಿ ಆವರೆಗೆ ಅವರಿಗೆ ಎದುರು ಮಾತಾಡಿದವಳಲ್ಲ. “ಭಾವ, ಇವತ್ತು ಒಲೆಗೆ ಬೆಂಕಿ ಹಾಕುವ ಹಾಗಿಲ್ಲ. ನನಗೆ ಇನ್ನು ನೆವ ಇಲ್ಲ” ಅಂದಳು.

ಸುಪ್ರಿತಾ ಕೈಗವಸು ಹಾಕಿಕೊಂಡು ಒಂದು ಹನಿಯನ್ನು ಗಾಜಿನ ಮೇಲಿಟ್ಟು, ಅದಕ್ಕೆ ಚೂರು ನೀಲಿ ಬಣ್ಣ ಬೆರೆಸಿದಳು. ಸೇವಂತಿ ಬಗ್ಗಿದಳು. ಮೊದಲು ತನ್ನದೇ ರೆಪ್ಪೆ ಕಂಡಿತು. ಆಮೇಲೆ ತಿಳಿನೀಲಿ ನೀರಿನಲ್ಲಿ ನೂರಾರು ದುಂಡು ದುಂಡು ಕಾಳುಗಳು, ಬೆಂದ ಸಾಬಕ್ಕಿಯ ಹಾಗೆ, ಬೆಳಕು ತುಂಬಿಕೊಂಡು ಕಾಣಿಸಿದವು.

“ಇದೆಲ್ಲ ಅವರಾ?”

“ಹೌದು ಅಕ್ಕ. ಜೀವ ಇದ್ರೆ ಬಣ್ಣವನ್ನು ಒಳಗೆ ಬಿಡುದಿಲ್ಲ. ಸತ್ರೆ ನೀಲಿ ಆಗುದು.”

“ಒಂದೂ ನೀಲಿ ಇಲ್ಲ!” ಸೇವಂತಿಯ ಮುಖ ಅರಳಿತು. ಆ ಅರಳಿದ ಮುಖ ನೋಡಿ ಸುಪ್ರಿತಾಳಿಗೆ ಸಂಕಟವಾಯಿತು. ಆದರೆ ಸುಳ್ಳು ಹೇಳಲು ಅವಳು ಬಂದಿರಲಿಲ್ಲ.

“ಅಕ್ಕ, ಇದು ಅವರದ್ದೇ ಹೌದು. ಆದ್ರೆ ಅವರ ಕಾಯಿಲೆ ಇದೇ. ಸಾಯ್ಲಿಕ್ಕೆ ಮರೆತ ಸೆಲ್ಲುಗಳು.”

ಸೇವಂತಿ ಕಣ್ಣು ತೆಗೆದಳು. ಗಂಡನ ಜೀವ ಎಲ್ಲೋ ಒಂದು ಚೂರು ಉಳಿದಿದೆ ಎಂದು ಒಂದು ಗಳಿಗೆ ಕುಣಿದ ಮನಸ್ಸಿಗೆ, ಉಳಿದದ್ದು ಅವನನ್ನು ತಿಂದದ್ದೇ ಎಂದು ತಿಳಿದಾಗ ಏನು ಮಾಡಬೇಕೆಂದು ತೋಚಲಿಲ್ಲ.

“ಕೇಳಿದಿಯಾ?” ಕುಕ್ಕಪ್ಪ ಗೌಡರು ಬಾಗಿಲಿಂದಲೇ ಅಂದರು. “ಇನ್ನು ಯೋಚನೆ ಎಂತದ್ದು? ನನ್ನ ತಮ್ಮನನ್ನು ತಿಂದದ್ದು. ಸುಡು ಅದನ್ನು.”

“ಎರಡನೆಯದೂ ನೋಡಿ ಅಕ್ಕ, ಆಮೇಲೆ ನೀವು ಹೇಳಿದ ಹಾಗೆ” ಎಂದು ಸುಪ್ರಿತಾ ಇನ್ನೊಂದು ಬಾಟ್ಲಿಯ ಹನಿ ಇಟ್ಟಳು.

ಈ ಸಲ ನೀಲಿಯೋ ನೀಲಿ. ನಡುವೆ ಅಲ್ಲೊಂದು ಇಲ್ಲೊಂದು ಬಿಳಿ.

“ಇವನ್ನು ಯಾರು ಕೊಂದದ್ದು?”

“ಯಾರೂ ಕೊಂದದ್ದಲ್ಲ. ಒಳಗೆ ಒಬ್ಬ ನಿದ್ದೆ ಮಾಡ್ತಿದ್ದ, ಎಬ್ಬಿಸಿದ್ದು. ಅವನು ಎಲ್ಲರನ್ನೂ ಸೇರಿಸಿದ. ಗಲಾಟೆ ಇಲ್ಲದೆ ತಾವೇ ಹೋದವು, ಗೊದಮೊಟ್ಟೆಯ ಬಾಲದ ಹಾಗೆ. ಅವನಿಗೆ ಮೇದಪ್ಪಣ್ಣ ಅಟೆಂಡರ್ ಅಂತ ಹೆಸರಿಟ್ಟಿದ್ರು.”

“ಮದ್ದು ಸಿಕ್ಕಿತಾ ಹಾಗಾದ್ರೆ?”

“ಇಲ್ಲ ಅಕ್ಕ. ಇದು ಶುರು ಮಾತ್ರ. ಪೂರ್ತಿ ಆಗ್ಲಿಕ್ಕೆ ವರ್ಷಗಟ್ಟಲೆ ಬೇಕು, ಆಗದೆಯೂ ಇರಬಹುದು. ಅಷ್ಟು ಸಮಯವೂ ಮೊದಲ ಬಾಟ್ಲಿಯ ಆ ಬಿಳಿ ಸೆಲ್ಲುಗಳನ್ನು ಬದುಕಿಸಿ ಇಟ್ಟುಕೊಳ್ಬೇಕು.”

ಸೇವಂತಿ ಬಹಳ ಹೊತ್ತು ನೋಡಿದಳು. ಕುಕ್ಕಪ್ಪ ಗೌಡರು ಕೆಮ್ಮಿದರು, ಹತ್ತಿರ ಬಂದರು. “ನಾನೊಮ್ಮೆ ನೋಡ್ಲಾ?” ಬಗ್ಗಿ ನೋಡಿ ಎಂತದ್ದೂ ಕಾಣುದಿಲ್ಲ ಅಂದರು. ಕಣ್ಣು ತೆರೆಯಿರಿ ಎಂದು ಸುಪ್ರಿತಾ ಹೇಳಬೇಕಾಯಿತು. ಕಂಡ ಮೇಲೆ ಅವರು ತಲೆಯೆತ್ತಲೇ ಇಲ್ಲ.

“ತುಂಬ ಜನ ಇದ್ದಾರಲ್ಲ” ಎಂದರು ಕೊನೆಗೆ, ಸಣ್ಣ ಸ್ವರದಲ್ಲಿ.

“ಭಾವ,” ಸೇವಂತಿ ಅಂದಳು, “ಕೆಲಸ ಮುಗಿಯದೆ ಇವರು ಮನೆಗೆ ಬಂದದ್ದುಂಟಾ ಯಾವತ್ತಾದ್ರೂ? ಪರೀಕ್ಷೆಯ ಸಮಯದಲ್ಲಿ ಲ್ಯಾಬಿನ ಬೀಗ ಹಾಕಿಯೇ ಬರುದು, ಊಟ ತಣ್ಣಗಾದ್ರೂ. ಇದೂ ಹಾಗೇ. ಮೊದಲು ಕಾಲು, ಆಮೇಲೆ ಬಾಲ ಅಂತ ಅವರದ್ದೇ ಮಾತು. ಮದ್ದಿಗೆ ಕಾಲು ಬರಲಿ. ಆಮೇಲೆ ಈ ಬಾಲ ಹೋಗಲಿ. ಇವತ್ತು ಸುಟ್ರೆ ಆ ವರ್ಷ ಹತ್ತು ಮಾತ್ರೆ ಹಾಕಿದ ಹಾಗೆ ಆಗ್ತದೆ.”

“ಮತ್ತೆ ಬೊಜ್ಜಕ್ಕೆ?”

ಸೇವಂತಿ ಸುಪ್ರಿತಾಳ ಕಡೆ ತಿರುಗಿದಳು. “ಈ ಎರಡು ಗಾಜು ನಿನಗೆ ಬೇಕಾ?”

“ಬೇಡ ಅಕ್ಕ. ನೋಡಿದ ಮೇಲೆ ನಾಶ ಮಾಡ್ಲಿಕ್ಕೇ ಇರುದು.”

“ಹಾಗಾದ್ರೆ ಅವು ಹೋಗಲಿ ಇವರ ಜೊತೆ. ಒಂದು ಬದುಕಿದ್ದು, ಒಂದು ಸತ್ತದ್ದು. ಸಾಕಾ ಭಾವ?”

ಕುಕ್ಕಪ್ಪ ಗೌಡರು ಅಜ್ಜಾವರದ ಅಷ್ಟೂ ಹಿರಿಯರನ್ನು ಮನಸ್ಸಿನಲ್ಲೇ ಕೇಳಿಕೊಂಡವರಂತೆ ಕಣ್ಣು ಮುಚ್ಚಿ ತೆರೆದರು. “ಪಾಲು ಹೋದ್ರೆ ಸಾಕು” ಅಂದರು. “ಉಳಿದದ್ದಕ್ಕೆ ನೀರು ಕೊಡುವವರು ಇದ್ದಾರಲ್ಲ.”

ಸುಪ್ರಿತಾ ಎರಡೂ ಗಾಜುಗಳನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ ಮೇದಪ್ಪಣ್ಣನ ಅಂಗಿಯ ಕಿಸೆಯಲ್ಲಿಟ್ಟಳು. ಅಲ್ಲಿ ಯಾವಾಗಲೂ ಲ್ಯಾಬಿನ ಬೀಗದ ಕೈ ಇರುತ್ತಿತ್ತು. ಸೇವಂತಿ ಗಿಂಡಿಯಿಂದ ಗಂಡನ ಬಾಯಿಗೆ ತುಳಸಿ ನೀರು ಬಿಟ್ಟಳು, ಹರ್ಷಿತ್ ಬಿಟ್ಟ, ಕುಕ್ಕಪ್ಪ ಗೌಡರು ಬಿಟ್ಟರು. ಕೊನೆಗೆ ಅವರೇ ಸುಪ್ರಿತಾಳನ್ನು ಕರೆದು ಗಿಂಡಿ ಕೈಗೆ ಕೊಟ್ಟರು. ಹನ್ನೊಂದೂಕಾಲಿಗೆ ಗಂಡಸರು ಮೇದಪ್ಪನನ್ನು ಎತ್ತಿದರು.

ಹರ್ಷಿತ್ ಸ್ಮಶಾನದಿಂದ ಬಂದು ಸ್ನಾನ ಮಾಡುವಾಗ ಮೂರು ಗಂಟೆ ದಾಟಿತ್ತು.

ಸುಪ್ರಿತಾ ಪೆಟ್ಟಿಗೆ ಹಿಡಿದುಕೊಂಡು ಮಂಗಳೂರಿನ ಬಸ್ಸು ಹತ್ತಿಯಾಗಿತ್ತು, ನಾಳೆ ಬೆಳಿಗ್ಗೆ ನೀರು ಬದಲಿಸಲಿಕ್ಕಿತ್ತು. ನಶೀದಾ ತನ್ನ ಮನೆಯಿಂದ ಪಾತ್ರೆ ತುಂಬ ಗಂಜಿ ಮತ್ತು ಚಟ್ನಿ ತಂದಿಟ್ಟಿದ್ದಳು. ಅಡಿಗೆಮನೆಯ ಒಲೆ ತಣ್ಣಗಿತ್ತು. ಅಮ್ಮ ಅಲ್ಲಿರಲಿಲ್ಲ, ಹಿಂದಿನ ಜಗಲಿಯಲ್ಲೂ ಇರಲಿಲ್ಲ.

ಅಪ್ಪನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕಿಟಕಿಯ ಬೆಳಕಿನಲ್ಲಿ ಸೇವಂತಿ, ಮಿಂದ ಕೂದಲನ್ನು ಹಾಗೇ ಬಿಟ್ಟುಕೊಂಡು, ಅಪ್ಪನ ಸ್ಟೂಲಿನ ಮೇಲೆ ಬೆನ್ನು ಬಗ್ಗಿಸಿ ಕೂತಿದ್ದಳು. ಲೆನ್ಸಿನ ಕೆಳಗೆ ಗಾಜಿನ ಬಟ್ಟಲಲ್ಲಿ ತೊಟ್ಟಿಯಿಂದ ತಂದ ಒಂದು ಗೊದಮೊಟ್ಟೆ. ಅದಕ್ಕೆ ಹಿಂಗಾಲು ಎರಡೂ ಬಂದಿದ್ದವು, ಬಾಲ ಇನ್ನೂ ಇತ್ತು.

“ಅಮ್ಮಾ, ಬೆಳಗಿನಿಂದ ಎಂತದ್ದೂ ತಿಂದಿಲ್ಲ ನೀನು. ಗಂಜಿ ಬಡಿಸಿದ್ದೇನೆ, ಬಾ.”

ಸೇವಂತಿ ಕಣ್ಣು ತೆಗೆಯಲಿಲ್ಲ.

“ಇರು, ಬಂದೆ” ಅಂದಳು.